ಎದುರಾಳಿಯ ಜೇಬಿನಲ್ಲೂ ಕಾಸಿರಬೇಕು

ಕರಾವಳಿಯ ಯಕ್ಷಗಾನದಲ್ಲಿ ಜೋಡಾಟ ಎಂಬ ಪದ್ಧತಿಯಿದೆ. ಒಂದೇ ಬಯಲು, ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆ ಭಾಗವತರು ಪದ ಎತ್ತುವ ಹೊತ್ತಿಗೆ ಆ ಕಡೆಯೂ ಅದೇ ಸನ್ನಿವೇಶ ನಡೆಯುತ್ತಿರುತ್ತದೆ. ಕುಣಿತ, ಮಾತುಗಾರಿಕೆ ಎಲ್ಲಿ ಬಿರುಸಾಯಿತೋ ಜನ ಅಲ್ಲಿಗೆ ಮುಖ ತಿರುಗಿಸುತ್ತಾರೆ. ಎರಡೂ ಮೇಳಗಳಿಗೆ ಗೆಲ್ಲುವ ಹಟ. ಆದರೆ ಹಣವಿದ್ದ ಮೇಳವೊಂದು ಎದುರು ಮೇಳದ ಒಳ್ಳೊಳ್ಳೆಯ ವೇಷಧಾರಿಗಳನ್ನೆಲ್ಲ ತನ್ನ ಕಡೆಗೆ ಸೆಳೆದುಕೊಂಡಿತೆನ್ನಿ. ಆಮೇಲೆ ಅದಕ್ಕೆ ಉಳಿಯುವುದು ಒಂದು ಒಂಟಿ ಆಟ. ಜೋಡಾಟಕ್ಕೆಂದು ಹತ್ತೂರುಗಳಿಂದ ಬರುತ್ತಿದ್ದ ಜನ ಅದಕ್ಕೆ ಬರುವುದಿಲ್ಲ.

ವೃತ್ತಿಪರ ಫುಟ್ಬಾಲ್‌ನ ಹಣಕಾಸಿನ ತೊಡಕೆಲ್ಲ ಇರುವುದು ಇಲ್ಲಿಯೇ. ಸಾಬೂನು ತಯಾರಿಸುವವನಿಗೆ ಪಕ್ಕದ ಸಾಬೂನು ಕಾರ್ಖಾನೆ ಬಾಗಿಲು ಹಾಕಿದರೆ ಲಾಭ. ಫುಟ್ಬಾಲ್ ಕ್ಲಬ್ಬಿಗೆ ಪಕ್ಕದೂರಿನ ಕ್ಲಬ್ಬು ಬಾಗಿಲು ಹಾಕಿದರೆ ಒಂದು ಪಂದ್ಯ ಕಡಿಮೆ, ಒಂದು ದಿನದ ಟಿಕೆಟ್ಟು ಕಡಿಮೆ. ಮೈದಾನದಲ್ಲಿ ಶತ್ರುವಾದವನು ಲೆಕ್ಕದ ಪುಸ್ತಕದಲ್ಲಿ ಪಾಲುದಾರ. ಹಾಗಾದರೆ ಗೆದ್ದವನು ಗಳಿಸಿದ್ದರಲ್ಲಿ ಸೋತವನಿಗೆ ಎಷ್ಟು ಕೊಡಬೇಕು? ಕೊಡದೆ ಇದ್ದರೆ ಏನಾಗುತ್ತದೆ? ಕೊಡಲು ಏನೂ ಇಲ್ಲದಿದ್ದರೆ?

ಕೊನೆಯ ಪ್ರಶ್ನೆ ಬೆಂಗಳೂರಿನದು. 2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಫುಟ್ಬಾಲ್ ಕ್ಲಬ್ ತನ್ನ ಪ್ರಮುಖ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕೆಲವೇ ತಿಂಗಳ ಹಿಂದೆ ದೇಶದ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಆಡಿದ್ದ ತಂಡ ಅದು. ಅದರ ಹಿಂದಿರುವುದು ಜೆಎಸ್‌ಡಬ್ಲ್ಯು ಎಂಬ ಉಕ್ಕಿನ ದೊಡ್ಡ ಉದ್ಯಮ ಸಮೂಹ. ಅಂಥ ಕ್ಲಬ್ಬಿಗೇ ಈ ಸ್ಥಿತಿ ಬಂದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋದವರು ಮತ್ತು ಉಳಿದವರು

ಬೆಂಗಳೂರಿಗೆ ಫುಟ್ಬಾಲ್ ಬಂದದ್ದು ದಂಡು ಪ್ರದೇಶದ ಸೈನಿಕರ ಜೊತೆಗೆ. ಕಲಿತವರು ಮಾತ್ರ ಊರಿನ ಬಡ ಮೊಹಲ್ಲಾಗಳ ಹುಡುಗರು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಸೇನಾ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದಿತು. ಭಾರತೀಯ ನಾಗರಿಕ ತಂಡವೊಂದು ಆ ಕಪ್ಪನ್ನು ಎತ್ತಿದ್ದು ಅದೇ ಮೊದಲು. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲೇ ಆಡಿದ ಭಾರತ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಾಗ, ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ಹೆಸರಿನಲ್ಲಿ ಆಡಿದ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದುಕೊಂಡಿತ್ತು. ನಾಲ್ಕನೆಯದು 1968-69ರಲ್ಲಿ. ಆಮೇಲಿನ ಗೆಲುವಿಗೆ ಕರ್ನಾಟಕ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಆ ದೀರ್ಘ ಬರಗಾಲಕ್ಕೆ ಕಾರಣಗಳು ಹಲವು. ಎದ್ದು ಕಾಣುವ ಒಂದನ್ನು ನೋಡಬಹುದು. ಅದೇ ಲಂಡನ್ ತಂಡದಲ್ಲಿದ್ದ ಅಹಮದ್ ಖಾನ್ ಬೆಂಗಳೂರಿನ ಹುಡುಗ. ಆದರೆ ಅವರ ಹೆಸರನ್ನು ಇಂದಿಗೂ ಭಕ್ತಿಯಿಂದ ನೆನೆಯುವವರು ಕೋಲ್ಕತ್ತದ ಜನ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುಂಪಡೆ ಆಟಗಾರರಿಗೆ ಅಲ್ಲಿನವರು ‘ಪಂಚ ಪಾಂಡವರು’ ಎಂದು ಹೆಸರಿಟ್ಟಿದ್ದರು. ಅವರಲ್ಲಿ ಅಹಮದ್ ಖಾನ್ ಒಬ್ಬರು, ಬೆಂಗಳೂರಿನಿಂದಲೇ ಹೋದ ಧನರಾಜ್ ಇನ್ನೊಬ್ಬರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅರುಮೈನಾಯಗಂ ಮೋಹನ್ ಬಾಗನ್‌ಗೆ ಹೋದರು. ಉಲಗನಾಥನ್ ಹೋದರು, ಬಾಬು ಮಣಿ ಹೋದರು. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಂದ ಪಂಜಾಬಿನ ಜೆಸಿಟಿಗೆ ಹೋಗಿ, 1996-97ರ ಚೊಚ್ಚಲ ರಾಷ್ಟ್ರೀಯ ಲೀಗ್ ಗೆದ್ದ ತಂಡದಲ್ಲಿ ಆಡಿದರು.

ಹೋದವರನ್ನು ಯಾರೂ ದೂರುವಂತಿಲ್ಲ. ಕೋಲ್ಕತ್ತದ ಮೈದಾನದಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ನಿಲ್ಲುತ್ತಿದ್ದರು. ಹೆಸರಿಗೆ ಹವ್ಯಾಸಿ ಆಟವಾದರೂ ಅಲ್ಲಿ ಕಾಸಿತ್ತು, ಕಾಸಿಗಿಂತ ಹೆಚ್ಚಾಗಿ ಮಾನವಿತ್ತು. ಬೆಂಗಳೂರು ಆಟಗಾರರನ್ನು ಬೆಳೆಸುವ ಊರಾಯಿತು, ಕೋಲ್ಕತ್ತ ಅವರನ್ನು ಆಡಿಸುವ ಊರಾಯಿತು. ಬೆಳೆಸಿದ ಊರಿನ ಪುಟ್ಟ ಕ್ಲಬ್ಬುಗಳಿಗೆ ಆ ಗೇಟ್ ಹಣದಲ್ಲಿ ಪಾಲು ಕೊಡಬೇಕೆಂಬ ಯೋಚನೆ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಆದರೂ ಬೆಂಗಳೂರಿನ ಲೀಗ್ ಬರಿದಾಗಲಿಲ್ಲ. ಅದನ್ನು ಉಳಿಸಿದ್ದು ಫುಟ್ಬಾಲ್‌ಗೆ ಸಂಬಂಧವೇ ಇಲ್ಲದ ಒಂದು ಸಂಗತಿ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, ಐವತ್ತರ ದಶಕದ ಮೊದಲ ಭಾಗದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮತ್ತು ಬಿಇಎಲ್. ಯಶವಂತಪುರದಿಂದ ಜಾಲಹಳ್ಳಿ ದಾಟಿ ಚಿಕ್ಕಬಾಣಾವರದವರೆಗೆ, ಪೂರ್ವಕ್ಕೆ ದೂರವಾಣಿ ನಗರದವರೆಗೆ, ಕಾರ್ಖಾನೆಯ ಸೈರನ್ ಕೇಳಿ ಮನೆ ಗಡಿಯಾರ ಸರಿಮಾಡಿಕೊಳ್ಳುವ ಕಾಲ ಅದು. ಈ ಸಾರ್ವಜನಿಕ ಉದ್ಯಮಗಳು ಕ್ರೀಡಾಪಟುಗಳನ್ನು ನೌಕರಿಗೆ ಸೇರಿಸಿಕೊಂಡವು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸಿಐಎಲ್, ಇವುಗಳ ಜೊತೆಗೆ ಸೇನೆಯ ಎಂಇಜಿ ಮತ್ತು ಎಎಸ್‌ಸಿ: ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದ ಕಟ್ಟೆಯ ಮೇಲೆ ಕೂತು ನೋಡಿದ ಹಿರಿಯರಿಗೆ ಈ ಇಂಗ್ಲಿಷ್ ಅಕ್ಷರಗಳೇ ತಂಡಗಳ ಹೆಸರು.

ಇದನ್ನು ಯಾರೂ ವರಮಾನ ಹಂಚಿಕೆ ಎಂದು ಕರೆಯಲಿಲ್ಲ. ಪರಿಣಾಮ ಮಾತ್ರ ಹೆಚ್ಚು ಕಡಿಮೆ ಅದೇ ಆಗಿತ್ತು. ಆಟಗಾರನ ಸಂಬಳ ಗೇಟ್ ಹಣದಿಂದ ಬರುತ್ತಿರಲಿಲ್ಲ, ಕಾರ್ಖಾನೆಯ ವೇತನ ಶ್ರೇಣಿಯಿಂದ ಬರುತ್ತಿತ್ತು. ಒಂದು ಸಾರ್ವಜನಿಕ ಉದ್ಯಮದ ಶ್ರೇಣಿಗೂ ಇನ್ನೊಂದರ ಶ್ರೇಣಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹಾಗಾಗಿ ಎಚ್‌ಎಎಲ್ ಎಷ್ಟೇ ಆಸೆಪಟ್ಟರೂ ಐಟಿಐನ ಇಡೀ ಮುಂಪಡೆಯನ್ನು ಹಣ ಸುರಿದು ಕೊಂಡುಕೊಳ್ಳುವಂತಿರಲಿಲ್ಲ. ಕೊನೆಯ ಸ್ಥಾನಕ್ಕಿಳಿದ ತಂಡದ ಗೋಲ್‌ಕೀಪರನಿಗೂ ಒಂದನೇ ತಾರೀಖು ಸಂಬಳ ಬರುತ್ತಿತ್ತು, ಆಟ ನಿಂತ ಮೇಲೂ ನಿವೃತ್ತಿಯವರೆಗೆ ಕೆಲಸವಿರುತ್ತಿತ್ತು. ಈಚಿನ ಲೀಗ್‌ಗಳು ವಕೀಲರನ್ನಿಟ್ಟು ಬರೆಸುವ ಸಂಬಳದ ಮಿತಿಯನ್ನು ಬೆಂಗಳೂರಿನ ಆಡಳಿತ ಕಚೇರಿಗಳ ಗುಮಾಸ್ತರು ತಮಗರಿವಿಲ್ಲದೆ ಜಾರಿಗೆ ತಂದಿದ್ದರು.

ಸೂತ್ರ ಹೊರಟ ಜಾಗ

ಇದನ್ನೇ ಉದ್ದೇಶಪೂರ್ವಕವಾಗಿ, ನಿಯಮ ಬರೆದು ಮಾಡಿದವರು ಅಮೆರಿಕನ್ನರು. ಬಂಡವಾಳಶಾಹಿಯ ತವರಿನಲ್ಲಿ ಕ್ರೀಡೆ ಮಾತ್ರ ಸಮಾಜವಾದಿ ಎಂಬ ಚೇಷ್ಟೆಯ ಮಾತು ಅಲ್ಲಿ ಬಹುಕಾಲದಿಂದ ಇದೆ. ಅವರ ಫುಟ್ಬಾಲ್ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆದರೂ ಹಣದ ಸೂತ್ರ ಜಗತ್ತಿಗೆ ಹಬ್ಬಿದ್ದು ಅಲ್ಲಿಂದ.

ಅಲ್ಲಿನ ನ್ಯಾಷನಲ್ ಫುಟ್ಬಾಲ್ ಲೀಗ್ 1936ರಲ್ಲೇ ಒಂದು ಉಪಾಯ ಹೂಡಿತು. ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ ಮೊದಲ ಅವಕಾಶ ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ. 1961ರಲ್ಲಿ ಲೀಗ್‌ನ ಆಯುಕ್ತ ಪೀಟ್ ರೋಜೆಲ್ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ತಂಡಗಳು ಟಿವಿ ಹಕ್ಕನ್ನು ಬೇರೆಬೇರೆಯಾಗಿ ಮಾರದೆ ಒಟ್ಟಿಗೆ ಮಾರಿ, ಬಂದದ್ದನ್ನು ಸಮನಾಗಿ ಹಂಚಿಕೊಳ್ಳಬೇಕು ಎಂದರು. ನ್ಯೂಯಾರ್ಕಿನಂಥ ಮಹಾನಗರದ ತಂಡಕ್ಕೆ ಇದು ಎದ್ದು ಕಾಣುವ ನಷ್ಟ. ಆದರೂ ಒಪ್ಪಿದರು. ಮಾರಾಟಗಾರರು ಹೀಗೆ ಕೂಡಿಕೊಳ್ಳುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಿದಾಗ, ಅಮೆರಿಕದ ಸಂಸತ್ತು ಅದೇ ವರ್ಷ ಕ್ರೀಡೆಗಾಗಿ ಪ್ರತ್ಯೇಕ ವಿನಾಯಿತಿಯ ಶಾಸನ ಮಾಡಿತು. 1994ರಲ್ಲಿ ಸಂಬಳದ ಮಿತಿ ಬಂತು.

ಫಲ ನೋಡಬೇಕಾದರೆ ಗ್ರೀನ್ ಬೇ ಎಂಬ ಊರನ್ನು ನೋಡಬೇಕು. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ತಂಡಕ್ಕೆ ಶ್ರೀಮಂತ ಮಾಲೀಕನಿಲ್ಲ. 1923ರಿಂದ ಊರಿನ ಜನರೇ ಷೇರುದಾರರು. ಆ ತಂಡ ಲೀಗ್‌ನ ಅಂತಿಮ ಹಣಾಹಣಿಯಾದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದಿದೆ. ಹಂಚಿಕೆ ಇಲ್ಲದಿದ್ದರೆ ಅದು ಎಂದೋ ದೊಡ್ಡ ನಗರವೊಂದಕ್ಕೆ ಮಾರಾಟವಾಗಿರುತ್ತಿತ್ತು.

ಅರ್ಥಶಾಸ್ತ್ರಜ್ಞರು ಈ ವಿಷಯಕ್ಕೆ ತಡವಾಗಿ ಬಂದರು. 1956ರಲ್ಲಿ ಸೈಮನ್ ರೊಟೆನ್‌ಬರ್ಗ್ ಬೇಸ್‌ಬಾಲ್ ಆಟಗಾರರ ಮಾರುಕಟ್ಟೆಯ ಬಗ್ಗೆ ಬರೆದ ಲೇಖನದಿಂದ ಈ ಶಾಖೆ ಶುರುವಾಯಿತು ಎನ್ನುತ್ತಾರೆ. ಫಲಿತಾಂಶ ಮೊದಲೇ ಗೊತ್ತಿದ್ದರೆ ಜನ ಬರುವುದಿಲ್ಲ ಎಂಬ ಸರಳ ಮಾತನ್ನು ಅವರು ಲೆಕ್ಕಕ್ಕೆ ತಂದರು. 1964ರಲ್ಲಿ ವಾಲ್ಟರ್ ನೀಲ್ ಕುಸ್ತಿಕಟ್ಟೆಯ ಬುದ್ಧಿಯವರಿಗೂ ಹಿಡಿಸುವಂಥ ಉದಾಹರಣೆ ಕೊಟ್ಟರು. ಬಾಕ್ಸಿಂಗ್‌ನ ಜೋ ಲೂಯಿಗೆ ಎಂಥ ಎದುರಾಳಿ ಬೇಕು? ದುರ್ಬಲ ಎದುರಾಳಿಯಾದರೆ ಗೆಲುವು ಸುಲಭ, ಗಳಿಕೆ ಇಲ್ಲ. ಮ್ಯಾಕ್ಸ್ ಷ್ಮೆಲಿಂಗ್‌ನಂಥ ಸಮಬಲನಾದರೆ ಸೋಲಿನ ಭಯವುಂಟು, ಕ್ರೀಡಾಂಗಣ ಭರ್ತಿ. ಹಣ ಬೇಕಾದವನು ಎದುರಾಳಿಯ ಆರೋಗ್ಯಕ್ಕಾಗಿ ಪ್ರಾರ್ಥಿಸಬೇಕು.

ಇದಕ್ಕೆ ಅಪವಾದವೂ ನಮ್ಮಲ್ಲೇ ಇದೆ. ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಸೂಪರ್ ಲೀಗ್‌ನ ಮೊದಲ ಹನ್ನೊಂದು ಋತುಗಳಲ್ಲಿ ಮೂರು ಫೈನಲ್ ಆಡಿ ಮೂರನ್ನೂ ಸೋತಿತು. ಹಳದಿ ಅಂಗಿಯ ಜನಸಾಗರ ಕರಗಲಿಲ್ಲ. ಕ್ರಿಕೆಟ್‌ನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ 2008ರಿಂದ ಆಡಿ ಮೊದಲ ಐಪಿಎಲ್ ಕಪ್ ಕಂಡದ್ದು 2025ರಲ್ಲಿ. ಅಭಿಮಾನಿಗಳು ನಡುವೆ ಒಂದು ವರ್ಷವೂ ಕೈಬಿಡಲಿಲ್ಲ. ಸೋಲಿಗೂ ಒಂದು ನಿಷ್ಠೆ ಇರುತ್ತದೆ ಎಂಬುದನ್ನು ರೊಟೆನ್‌ಬರ್ಗ್ ಸೂತ್ರ ಹಿಡಿಯಲಾರದು. ಆದರೆ ಇನ್ನೊಂದನ್ನೂ ಗಮನಿಸಬೇಕು. ರಾಯಲ್ ಚಾಲೆಂಜರ್ಸ್ ಅಷ್ಟು ವರ್ಷ ಸೋತೂ ಸೊರಗದಿರಲು ಅಭಿಮಾನ ಎಷ್ಟು ಕಾರಣವೋ ಐಪಿಎಲ್‌ನ ಹಂಚಿಕೆಯೂ ಅಷ್ಟೇ ಕಾರಣ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಇಂಥ ಕೇಂದ್ರ ವರಮಾನದಲ್ಲಿ ದೊಡ್ಡ ಪಾಲು ಗೆದ್ದವರಿಗೂ ಸೋತವರಿಗೂ ಹಂಚಿಹೋಗುತ್ತದೆ, ಹರಾಜಿನಲ್ಲಿ ಎಲ್ಲರ ಥೈಲಿಗೂ ಒಂದೇ ಮಿತಿ.

ಯುರೋಪಿನ ದಾರಿ ಬೇರೆ. ಅಲ್ಲಿ ಸೋತ ತಂಡವನ್ನು ಕೆಳಗಿನ ದರ್ಜೆಗೆ ತಳ್ಳುತ್ತಾರೆ, ಗೆದ್ದದ್ದನ್ನು ಮೇಲೆತ್ತುತ್ತಾರೆ. ಇಂಗ್ಲೆಂಡಿನಲ್ಲಿ ಹಿಂದೆ ಆತಿಥೇಯ ಕ್ಲಬ್ ತನ್ನ ಗೇಟ್ ಹಣದಲ್ಲಿ ಒಂದು ಪಾಲನ್ನು ಅತಿಥಿ ತಂಡಕ್ಕೆ ಕೊಡುತ್ತಿತ್ತು. ದೊಡ್ಡ ಕ್ಲಬ್ಬುಗಳ ಒತ್ತಡದಿಂದ 1983ರಲ್ಲಿ ಲೀಗ್ ಪಂದ್ಯಗಳಿಗೆ ಅದು ನಿಂತಿತು. 1992ರಲ್ಲಿ ಅಗ್ರ ದರ್ಜೆಯ 22 ಕ್ಲಬ್ಬುಗಳು ಹಳೆಯ ಲೀಗ್‌ನಿಂದ ಸಿಡಿದು ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ಟಿವಿ ಹಣವನ್ನು ಕೆಳಗಿನ ದರ್ಜೆಗಳ ಜೊತೆ ಹಂಚಿಕೊಳ್ಳಲು ಇಷ್ಟವಿಲ್ಲದ್ದೇ ಮುಖ್ಯ ಕಾರಣ. ತಮಾಷೆಯೆಂದರೆ, ಹೊರಗಿನವರೊಡನೆ ಜಿಪುಣರಾದ ಅವರು ತಮ್ಮೊಳಗೆ ಉದಾರಿಗಳಾದರು: ದೇಶದೊಳಗಿನ ಟಿವಿ ಹಣದಲ್ಲಿ ಅರ್ಧ ಎಲ್ಲರಿಗೂ ಸಮ, ಕಾಲುಭಾಗ ಅಂಕಪಟ್ಟಿಯ ಸ್ಥಾನದಂತೆ, ಉಳಿದ ಕಾಲುಭಾಗ ಎಷ್ಟು ಪಂದ್ಯ ಟಿವಿಯಲ್ಲಿ ಬಂತು ಎಂಬುದರ ಮೇಲೆ. ಸ್ಪೇನಿನಲ್ಲಿ ಪ್ರತಿ ಕ್ಲಬ್ಬೂ ತನ್ನ ಹಕ್ಕನ್ನು ತಾನೇ ಮಾರುತ್ತಿತ್ತು; ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಬಾಚಿಕೊಂಡು ಉಳಿದವರಿಗೆ ತರಗು. 2015ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿ ಒಟ್ಟು ಮಾರಾಟ ಕಡ್ಡಾಯ ಮಾಡಬೇಕಾಯಿತು.

ಹಂಚಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಜರ್ಮನಿಯಲ್ಲಿ ಟಿವಿ ಹಕ್ಕು ಒಟ್ಟಿಗೇ ಮಾರಾಟವಾಗುತ್ತದೆ, ಆದರೂ 2013ರಿಂದ 2023ರವರೆಗೆ ಸತತ ಹನ್ನೊಂದು ಸಲ ಬಯರ್ನ್ ಮ್ಯೂನಿಕ್ ಒಂದೇ ಗೆದ್ದಿತು. ಚಾಂಪಿಯನ್ಸ್ ಲೀಗ್‌ನಂಥ ಅಂತರರಾಷ್ಟ್ರೀಯ ಟೂರ್ನಿಯ ಹಣ ವರ್ಷ ವರ್ಷ ಅದೇ ಕ್ಲಬ್ಬಿನ ತಿಜೋರಿಗೆ ಹೋಗುತ್ತಿದ್ದರೆ ಒಳಗಿನ ಹಂಚಿಕೆ ಏನು ಮಾಡೀತು? ಅಮೆರಿಕದ ಪದ್ಧತಿಗೂ ತನ್ನದೇ ರೋಗವಿದೆ. ಪಾಲು ಹೇಗೂ ಬರುತ್ತದೆಂದು ಕೆಲವು ಮಾಲೀಕರು ಆಟಗಾರರ ಮೇಲೆ ಖರ್ಚು ಮಾಡದೆ ಕೈಕಟ್ಟಿ ಕೂರುತ್ತಾರೆ. ಮುಂದಿನ ವರ್ಷದ ಒಳ್ಳೆಯ ಹುಡುಗನಿಗಾಗಿ ಈ ವರ್ಷ ಬೇಕೆಂದೇ ಸೋಲುವವರೂ ಉಂಟೆಂಬ ಗುಮಾನಿ ಅಲ್ಲಿ ಎಂದೂ ಸತ್ತಿಲ್ಲ. ಅದಕ್ಕೇ ಅಲ್ಲಿ ಸಂಬಳಕ್ಕೆ ಮೇಲ್ಮಿತಿಯಷ್ಟೇ ಅಲ್ಲ, ಕೆಳಮಿತಿಯೂ ಇದೆ.

ಖಾಲಿ ಮಡಕೆಯ ಪಾಲು

ಮತ್ತೆ ಬೆಂಗಳೂರಿಗೆ. ಕಾರ್ಖಾನೆ ತಂಡಗಳ ಸಮತೋಲ ಕಾರ್ಖಾನೆಗಳ ಆರೋಗ್ಯವನ್ನು ನಂಬಿಕೊಂಡಿತ್ತು. 1991ರ ನಂತರ ಮಾರುಕಟ್ಟೆ ತೆರೆದುಕೊಂಡಿತು. ದೂರವಾಣಿ ಉಪಕರಣಗಳಿಗೆ ಹೊರಗಿನ ಪೈಪೋಟಿ ಬಂದು ಐಟಿಐ ಕುಗ್ಗಿತು, ಎಚ್‌ಎಂಟಿಯ ಗಡಿಯಾರ ಘಟಕಗಳು ಒಂದೊಂದಾಗಿ ನಿಂತವು. ಹೊಸ ನೇಮಕಾತಿ ಇಲ್ಲದ ಕಡೆ ಹೊಸ ಸೆಂಟರ್ ಫಾರ್ವರ್ಡ್ ಎಲ್ಲಿಂದ ಬರಬೇಕು? ಐಟಿಐ ರಾಷ್ಟ್ರೀಯ ಲೀಗ್‌ನಲ್ಲಿ ಸ್ವಲ್ಪ ಕಾಲ ಆಡಿ ಕೆಳಗಿಳಿಯಿತು. ಎಚ್‌ಎಎಲ್ ಇನ್ನಷ್ಟು ದಿನ ಕಚ್ಚಿಕೊಂಡು ನಿಂತು, ಐ-ಲೀಗ್‌ನಲ್ಲಿ 2010ರಿಂದ ಎರಡು ಋತು ಆಡಿ 2012ರಲ್ಲಿ ಹಿಂಬಡ್ತಿ ಪಡೆಯಿತು. ಅಷ್ಟರಲ್ಲಿ ಏಷ್ಯಾ ಫುಟ್ಬಾಲ್ ಒಕ್ಕೂಟದ ಪರವಾನಗಿ ನಿಯಮಗಳು ಬಂದಿದ್ದವು. ಕ್ಲಬ್ ಎಂದರೆ ಸ್ವತಂತ್ರ ವ್ಯವಹಾರ ಸಂಸ್ಥೆಯಾಗಿರಬೇಕು, ಕಚೇರಿಯ ಮನರಂಜನಾ ವಿಭಾಗವಾಗಿರಬಾರದು ಎಂಬುದು ಅವುಗಳ ಸಾರ. 2013ರಲ್ಲಿ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳು ಇದೇ ಕಾರಣಕ್ಕೆ ಐ-ಲೀಗ್‌ನಿಂದ ಹೊರಬಿದ್ದವು.

ಅದೇ ವರ್ಷ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಹೊಸ ಕ್ಲಬ್ಬಿಗಾಗಿ ಉದ್ಯಮಗಳನ್ನು ಕರೆಯಿತು. ಜೆಎಸ್‌ಡಬ್ಲ್ಯು ಬೆಂಗಳೂರನ್ನು ಆರಿಸಿಕೊಂಡಿತು. ಸುನಿಲ್ ಛೆಟ್ರಿ ನಾಯಕ, ಇಂಗ್ಲೆಂಡಿನ ಆ್ಯಷ್ಲಿ ವೆಸ್ಟ್‌ವುಡ್ ತರಬೇತುದಾರ. ಮೊದಲ ಋತುವಿನಲ್ಲೇ, 2014ರಲ್ಲಿ, ಬೆಂಗಳೂರು ಎಫ್‌ಸಿ ಐ-ಲೀಗ್ ಗೆದ್ದುಬಿಟ್ಟಿತು. 2016ರಲ್ಲಿ ಮತ್ತೊಮ್ಮೆ ಗೆದ್ದು, ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿ ಎಎಫ್‌ಸಿ ಕಪ್‌ನ ಫೈನಲ್ಲಿಗೂ ಹೋಯಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಊರಿಗೆ ಹೆಮ್ಮೆ ಮರಳಿತು, ಕಂಠೀರವ ಕ್ರೀಡಾಂಗಣದ ಪಶ್ಚಿಮ ಅಟ್ಟಣೆಗೆ ಹಾಡುವ ಹುಡುಗರು ಬಂದರು. ಇದು ಹಂಚಿಕೆಯಿಂದ ಬಂದ ಯಶಸ್ಸಲ್ಲ ಎಂಬುದನ್ನೂ ಹೇಳಬೇಕು. ಅಚ್ಚುಕಟ್ಟಾದ ಆಡಳಿತ, ಜೊತೆಗೆ ಎದುರಾಳಿಗಳ ಬಳಿ ಇಲ್ಲದ ಹಣ.

ಹಾಗೆಂದು ಐ-ಲೀಗ್ ಹಣವಂತರದೇ ಆಗಿತ್ತೆಂದರೆ ತಪ್ಪು. 2017ರಲ್ಲಿ ಮಿಜೋರಾಮಿನ ಐಜ್ವಾಲ್ ಎಫ್‌ಸಿ ಮೋಹನ್ ಬಾಗನ್‌ನನ್ನು ಹಿಂದಿಕ್ಕಿ ಚಾಂಪಿಯನ್ ಆಯಿತು. ಮರುವರ್ಷ ಪಂಜಾಬಿನ ಮಿನರ್ವಾ, ಅದರ ಮರುವರ್ಷ ಚೆನ್ನೈ ಸಿಟಿ. ಪುಸ್ತಕದ ಪ್ರಕಾರ ನೋಡಿದರೆ ಇದಕ್ಕಿಂತ ಸಮತೋಲದ ಲೀಗ್ ಬೇಕಿಲ್ಲ. ಆದರೆ ದೊಡ್ಡ ಪ್ರಾಯೋಜಕರೂ ಪ್ರಸಾರಕರೂ ಅಷ್ಟರಲ್ಲಿ ಬೇರೆ ಕಡೆ ಮುಖ ಮಾಡಿದ್ದರು. ಎಲ್ಲರೂ ಸಮಾನ ಬಡವರಾಗಿರುವುದೂ ಒಂದು ಬಗೆಯ ಸಮತೋಲವೇ.

ಆ ಬೇರೆ ಕಡೆ ಎಂದರೆ ಇಂಡಿಯನ್ ಸೂಪರ್ ಲೀಗ್. 2010ರಲ್ಲಿ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ಬರೆದುಕೊಟ್ಟಿತ್ತು. ಅದರ ಫಲವಾಗಿ 2014ರಲ್ಲಿ ಎಂಟು ತಂಡಗಳ ಲೀಗ್ ಶುರುವಾಯಿತು. ಬೆಂಗಳೂರು ಎಫ್‌ಸಿ 2017ರಲ್ಲಿ ಸೇರಿಕೊಂಡಿತು. ಮೇಲ್ನೋಟಕ್ಕೆ ಇದು ಅಮೆರಿಕದ ಪದ್ಧತಿಯ ಅಚ್ಚು: ಹಿಂಬಡ್ತಿ ಇಲ್ಲ, ಸಂಬಳಕ್ಕೆ ಮಿತಿ, ಕೇಂದ್ರ ಪ್ರಾಯೋಜಕತ್ವದಲ್ಲಿ ಪಾಲು. 2014 ಮತ್ತು 2017ರಲ್ಲಿ ದೇಶೀಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮವೂ ನಡೆಯಿತು.

ಒಂದು ವ್ಯತ್ಯಾಸ ಉಳಿಯಿತು, ಅದೇ ಎಲ್ಲವನ್ನೂ ತೀರ್ಮಾನಿಸಿತು. ಅಮೆರಿಕದಲ್ಲಿ ಮೊದಲು ಟಿವಿ ಹಣ ಬಂತು, ಆಮೇಲೆ ಹಂಚಿಕೆಯ ಜಗಳ. ಇಲ್ಲಿ ಕ್ಲಬ್ಬುಗಳೇ ಮೊದಲು ಹಣ ಕಟ್ಟಬೇಕಿತ್ತು. ಪತ್ರಿಕೆಗಳಲ್ಲಿ ವರದಿಯಾದಂತೆ ವರ್ಷಕ್ಕೆ ಸುಮಾರು 15 ಕೋಟಿ ರೂಪಾಯಿಯ ಫ್ರಾಂಚೈಸಿ ಶುಲ್ಕ, ಹೆಚ್ಚು ಕಡಿಮೆ ಅಷ್ಟೇ ಮೊತ್ತದ ಮಿತಿಯೊಳಗೆ ಆಟಗಾರರ ಸಂಬಳ. ಅದರ ಮೇಲೆ ಕ್ರೀಡಾಂಗಣದ ಬಾಡಿಗೆ, ಪ್ರಯಾಣ, ಕಿರಿಯರ ತಂಡ. ಕೇಂದ್ರ ನಿಧಿಯಿಂದ ಮರಳಿ ಬರುವ ಪಾಲು ಸೇರಿಸಿದರೂ ಲೆಕ್ಕ ಸರಿದೂಗುತ್ತಿರಲಿಲ್ಲ ಎಂದು ಕ್ಲಬ್ ಮಾಲೀಕರು ವರ್ಷಗಟ್ಟಲೆ ಹೇಳುತ್ತ ಬಂದರು. ಚೀಟಿ ವ್ಯವಹಾರ ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾದೀತು. ತಿಂಗಳು ತಿಂಗಳು ಎಲ್ಲರೂ ಕಟ್ಟುತ್ತಾರೆ, ಎತ್ತುವ ಸರದಿ ಮಾತ್ರ ಯಾರಿಗೂ ಬರುವುದಿಲ್ಲ.

ಹೀಗಿರುವಾಗ ಸಮತೋಲವನ್ನು ನಿರ್ಧರಿಸುವುದು ಸೂತ್ರವಲ್ಲ, ಮಾಲೀಕನ ತಾಳ್ಮೆ. ಮೊದಲ ಹನ್ನೊಂದು ಋತುಗಳ ಕಪ್‌ಗಳಲ್ಲಿ ಐದು ಒಂದೇ ಕೋಲ್ಕತ್ತ ಮಾಲೀಕತ್ವದ ತಂಡಗಳಿಗೆ ಹೋದವು: ಮೊದಲು ಎಟಿಕೆಯಾಗಿ ಮೂರು, 2020ರಲ್ಲಿ ಮೋಹನ್ ಬಾಗನ್ ಜೊತೆ ಸೇರಿದ ಮೇಲೆ ಎರಡು. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರು ಶೇಕಡಾ 65ರಷ್ಟು ಪಾಲು ಕೊಂಡ ಮುಂಬೈ ಸಿಟಿಗೆ ಎರಡು. ಬೆಂಗಳೂರಿಗೆ ಒಂದು, 2018-19ರಲ್ಲಿ. ತಾಳ್ಮೆ ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದ್ ಸಾಕ್ಷಿ. 2021-22ರ ಕಪ್ ಗೆದ್ದ ತಂಡ ಹಣದ ಮುಗ್ಗಟ್ಟಿಗೆ ಸಿಲುಕಿ 2023-24ರಲ್ಲಿ ಕೊನೆಯ ಸ್ಥಾನಕ್ಕಿಳಿಯಿತು. 2025ರಲ್ಲಿ ಕ್ಲಬ್ ಊರನ್ನೇ ಬಿಟ್ಟು ದೆಹಲಿಗೆ ಹೋಯಿತು. ಆ ಕ್ಲಬ್ ಹುಟ್ಟಿದ್ದೂ 2019ರಲ್ಲಿ ಮುಚ್ಚಿದ ಪುಣೆ ತಂಡದ ಜಾಗದಲ್ಲಿ. ಸಂಬಳದ ಮಿತಿ ಎಲ್ಲರಿಗೂ ಇತ್ತು. ಸಂಬಳ ಕೊಡುವ ಶಕ್ತಿ ಎಲ್ಲರಿಗೂ ಇರಲಿಲ್ಲ.

15 ವರ್ಷದ ಆ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ಮುಂದಿನ ಒಪ್ಪಂದ ಕುದುರದೆ ಜುಲೈನಲ್ಲೇ ಲೀಗ್ ಸಂಘಟಕರು ಹೊಸ ಋತುವನ್ನು ತಡೆಹಿಡಿದರು. ಪಂದ್ಯವಿಲ್ಲವೆಂದರೆ ಟಿಕೆಟ್ ಇಲ್ಲ, ಪ್ರಾಯೋಜಕನಿಲ್ಲ, ಪಾಲೂ ಇಲ್ಲ. ಬೆಂಗಳೂರು ಎಫ್‌ಸಿ ಸಂಬಳ ತಡೆದದ್ದು ಆಗ. ಫೆಡರೇಷನ್ ಹಕ್ಕುಗಳಿಗೆ ಟೆಂಡರ್ ಕರೆದಾಗ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ 14 ಕ್ಲಬ್ಬುಗಳೂ ಪರಸ್ಪರ ಒಮ್ಮೆ ಮಾತ್ರ ಎದುರಾಗುವ 91 ಪಂದ್ಯಗಳ ಚುಟುಕು ಋತು ಫೆಬ್ರುವರಿ 14ರಿಂದ ನಡೆಯುವುದೆಂದು ಕೇಂದ್ರ ಕ್ರೀಡಾ ಸಚಿವರು 2026ರ ಜನವರಿಯಲ್ಲಿ ಪ್ರಕಟಿಸಿದರು. ಈ ಲೆಕ್ಕದಲ್ಲಿ ಒಂದು ಕ್ಲಬ್ಬಿಗೆ ತವರಿನಲ್ಲಿ ಸಿಗುವುದು ಆರೋ ಏಳೋ ಪಂದ್ಯ.

ಈ ಗಲಾಟೆಯಲ್ಲಿ ಹಂಚಿಕೆಯ ಮಾತೆಲ್ಲ ಮೇಲಿನ 14 ಕುರ್ಚಿಗಳ ಸುತ್ತಲೇ ನಡೆಯಿತು. ಅದರ ಕೆಳಗೆ ಬೆಂಗಳೂರಿನ ಜಿಲ್ಲಾ ಲೀಗ್‌ನ ಹಲವು ಡಿವಿಷನ್‌ಗಳಿವೆ, ಗೌತಮಪುರ, ಆಸ್ಟಿನ್ ಟೌನ್‌ಗಳ ಸಣ್ಣ ಮೈದಾನಗಳಿವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಷ್ಟು ಸ್ವಾರ್ಥದಿಂದ ಹುಟ್ಟಿದರೂ ಕೆಳಗಿನ ದರ್ಜೆಗಳಿಗೆ ಪ್ರತಿವರ್ಷ ಒಂದಿಷ್ಟು ಹಣ ಇಳಿಸುತ್ತದೆ. ಹಿಂಬಡ್ತಿ ಪಡೆದ ಕ್ಲಬ್ಬಿಗೆ ಕೆಲವು ವರ್ಷ ಆಸರೆಯ ಹಣ ಕೊಡುತ್ತದೆ. ನಮ್ಮಲ್ಲಿ ಐ-ಲೀಗ್ ಗೆದ್ದ ತಂಡ ಸೂಪರ್ ಲೀಗ್‌ಗೆ ಏರುವ ದಾರಿ ತೆರೆದದ್ದೇ 2023ರಲ್ಲಿ. ಮೊದಲು ಏರಿದ್ದು ಪಂಜಾಬ್, ಮರುವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್.

ಆಟಗಾರನನ್ನು ಬೆಳೆಸಿದವರಿಗೆ ಪಾಲು ಕೊಡುವ ಒಂದು ನಿಯಮ ಜಾಗತಿಕ ಸಂಸ್ಥೆ ಫಿಫಾದಲ್ಲಿ 2001ರಿಂದ ಇದೆ. ಆಟಗಾರನೊಬ್ಬ ಒಪ್ಪಂದದ ಅವಧಿಯ ನಡುವೆ ದೇಶದಿಂದ ದೇಶಕ್ಕೆ ಮಾರಾಟವಾದರೆ ಆ ಮೊತ್ತದ ಶೇಕಡಾ 5ರಷ್ಟನ್ನು, ಅವನು 12ರಿಂದ 23ರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ವರ್ಷದ ಲೆಕ್ಕದಲ್ಲಿ ಹಂಚಬೇಕು. ಬ್ರೆಜಿಲ್, ಆಫ್ರಿಕಾಗಳ ಎಷ್ಟೋ ಬಡ ಕ್ಲಬ್ಬುಗಳಿಗೆ ಈ ಹಣದಿಂದ ಮೈದಾನಕ್ಕೆ ಬೇಲಿ, ಹುಡುಗರಿಗೆ ಬೂಟು ಬಂದಿವೆ. ಆದರೆ ಒಪ್ಪಂದ ಮುಗಿದ ಮೇಲೆ ಆಟಗಾರ ಬರಿಗೈಯಲ್ಲಿ ಇನ್ನೊಂದು ಕ್ಲಬ್ಬಿಗೆ ಹೋದರೆ ಮಾರಾಟದ ಮೊತ್ತವೆಂಬುದೇ ಇರುವುದಿಲ್ಲ. ಭಾರತದ ಆಟಗಾರರಲ್ಲಿ ಹೆಚ್ಚಿನವರು ಕ್ಲಬ್ ಬದಲಿಸುವುದು ಹೀಗೆಯೇ, ಅದೂ ದೇಶದೊಳಗೆ. ಅಂಥ ವರ್ಗಾವಣೆಯಲ್ಲಿ ಅವರು ಹನ್ನೆರಡನೇ ವಯಸ್ಸಿನಲ್ಲಿ ಚೆಂಡು ಒದ್ದ ಬಡಾವಣೆಯ ಕ್ಲಬ್ಬಿಗೆ ಈ ನಿಯಮದಿಂದ ಬಿಡಿಗಾಸೂ ಬರುವುದಿಲ್ಲ. ಅಹಮದ್ ಖಾನ್ ಕೋಲ್ಕತ್ತದ ರೈಲು ಹತ್ತಿದಾಗಲೂ ಬಂದಿರಲಿಲ್ಲ.